ಗುಲಾಮಗಿರಿಗೆ ಕ್ಷಮೆ ಮತ್ತು ಪರಿಹಾರ: ಪದೇ ಪದೇ ಕೇಳುವ ಪ್ರಶ್ನೆಗಳು

ಯಾವುದೋ ದೇಶದ ರಾಜ ಗುಲಾಮಗಿರಿಗೆ ಕ್ಷಮೆ ಕೇಳಿದ ಎಂದು ಪೇಪರಿನಲ್ಲಿ ಬರುತ್ತದೆ. ಮತ್ತೊಂದು ದೇಶದ ಪ್ರಧಾನಿ ಪರಿಹಾರದ ಮಾತೇ ಇಲ್ಲ ಅಂದರು ಎಂದೂ ಬರುತ್ತದೆ. ಆಗ ಮನೆಯಲ್ಲಿ, ಕ್ಲಾಸಿನಲ್ಲಿ, ಗೆಳೆಯರ ನಡುವೆ ಏಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಅವಕ್ಕೆ ಒಂದೇ ಕಡೆ ಉತ್ತರ ಇರಲಿ ಎಂದು ಇದನ್ನು ಬರೆದಿದ್ದೇನೆ. ನನ್ನ ಅಭಿಪ್ರಾಯವನ್ನೂ ಮುಚ್ಚಿಟ್ಟಿಲ್ಲ.

ಇಲ್ಲಿ ಯಾವ ಗುಲಾಮಗಿರಿಯ ಮಾತು?

ಮುಖ್ಯವಾಗಿ ಅಟ್ಲಾಂಟಿಕ್ ಸಾಗರ ದಾಟಿಸಿದ ಗುಲಾಮರ ವ್ಯಾಪಾರ. ಸುಮಾರು 350 ವರ್ಷಗಳಲ್ಲಿ 1.25 ಕೋಟಿ ಆಫ್ರಿಕನ್ನರನ್ನು ಹಡಗಿಗೆ ಹತ್ತಿಸಿದರು. ಆಚೆ ದಡ ಮುಟ್ಟಿದವರು ಸುಮಾರು 1.07 ಕೋಟಿ. ಉಳಿದವರು ನಡುದಾರಿಯಲ್ಲೇ ಸತ್ತರು. ಎಲ್ಲರೂ ಅಮೆರಿಕಕ್ಕೆ ಹೋದರು ಅಂತ ತುಂಬಾ ಜನ ಅಂದುಕೊಂಡಿದ್ದಾರೆ, ಹಾಗಲ್ಲ. ಈಗಿನ ಅಮೆರಿಕಕ್ಕೆ ಆಫ್ರಿಕಾದಿಂದ ನೇರವಾಗಿ ಬಂದವರು 4 ಲಕ್ಷದೊಳಗೆ. ಬ್ರೆಜಿಲ್‌ಗೆ ಹೋದವರು 50 ಲಕ್ಷದ ಹತ್ತಿರ. ಕೆರಿಬಿಯನ್ ದ್ವೀಪಗಳ ಕಬ್ಬಿನ ತೋಟಗಳೂ ಲಕ್ಷಾಂತರ ಜನರನ್ನು ನುಂಗಿದವು.

ಕ್ಷಮೆ ಕೇಳುವುದಕ್ಕೂ ವಿಷಾದ ಹೇಳುವುದಕ್ಕೂ ಏನು ವ್ಯತ್ಯಾಸ? ಎರಡೂ ಒಂದೇ ಅಲ್ವಾ?

ಅಲ್ಲ. ಜಗಳದ ಅರ್ಧ ಇರುವುದೇ ಇಲ್ಲಿ.

ನಿಮ್ಮ ಬೈಕಿಗೆ ಒಬ್ಬ ಕಾರು ತಾಗಿಸಿದ ಅಂದುಕೊಳ್ಳಿ. "ಛೆ, ಹೀಗಾಗಬಾರದಿತ್ತು" ಅಂದರೆ ಅದು ವಿಷಾದ. "ನನ್ನದೇ ತಪ್ಪು, ಕ್ಷಮಿಸಿ" ಅಂದರೆ ಅದು ಕ್ಷಮೆ. ಎರಡನೆಯದನ್ನು ಹೇಳಿದ ಮೇಲೆ ರಿಪೇರಿ ಖರ್ಚಿನ ಮಾತು ಬಂದೇ ಬರುತ್ತದೆ. ಸರ್ಕಾರಗಳ ವಕೀಲರು ಹೆದರುವುದು ಇದಕ್ಕೇ.

ಬ್ರಿಟನ್ ಪ್ರಧಾನಿ ಟೋನಿ ಬ್ಲೇರ್ 2006ರಲ್ಲಿ ತೀವ್ರ ದುಃಖ ಹೇಳಿಕೊಂಡರು. ಮರುವರ್ಷ ಬಾಯಿಮಾತಿನಲ್ಲಿ 'ಸಾರಿ' ಅಂದರು. ಸರ್ಕಾರದ ವಿಧಿವತ್ತಾದ ಕ್ಷಮೆ ಮಾತ್ರ ಬರಲಿಲ್ಲ. ಜಲಿಯನ್‌ವಾಲಾಬಾಗ್ ವಿಷಯದಲ್ಲಿ ನಾವೂ ಇದನ್ನು ಕಂಡಿದ್ದೇವೆ. ನೂರು ವರ್ಷ ತುಂಬಿದ 2019ರಲ್ಲಿ ತೆರೇಸಾ ಮೇ ಪಾರ್ಲಿಮೆಂಟಿನಲ್ಲಿ ಆಳವಾದ ವಿಷಾದ ಅಂದರು, ಕ್ಷಮೆ ಅನ್ನಲಿಲ್ಲ. ಆ ಒಂದು ಪದಕ್ಕಾಗಿ ನಮ್ಮಲ್ಲಿ ಎಷ್ಟು ಜನ ಕಾದಿದ್ದರು ಎಂದು ನೆನಪಿಸಿಕೊಂಡರೆ, ಬ್ರಿಟನ್ನಿನ ವಸಾಹತಾಗಿದ್ದ ಕೆರಿಬಿಯನ್ ದ್ವೀಪ ಜಮೈಕಾದವರು ಯಾಕೆ ಇನ್ನೂ ಕೇಳುತ್ತಿದ್ದಾರೆ ಎನ್ನುವುದು ಅರ್ಥವಾಗುತ್ತದೆ.

ಕನ್ನಡದಲ್ಲಿ 'ತಪ್ಪು ಕಾಣಿಕೆ' ಅನ್ನುವ ಮಾತಿದೆ. ದೇವರ ಮುಂದೆ ತಪ್ಪಾಯ್ತು ಅಂತ ಒಪ್ಪಿಕೊಂಡು, ಕೈಯಲ್ಲಿದ್ದದ್ದನ್ನು ಅಲ್ಲೇ ಇಡುವುದು. ಒಪ್ಪಿಗೆಯೂ ಕಾಣಿಕೆಯೂ ಅಲ್ಲಿ ಒಟ್ಟಿಗೆ ಇವೆ. ಕೆರಿಬಿಯನ್ ದೇಶಗಳು ಕೇಳುತ್ತಿರುವುದು ಹೆಚ್ಚುಕಡಿಮೆ ಅದನ್ನೇ.

ಗುಲಾಮಗಿರಿ ನಿಂತು ಇಷ್ಟು ಕಾಲವಾಯ್ತು. ಈಗ ಪರಿಹಾರದ ಲೆಕ್ಕ ಹಾಕಲು ಸಾಧ್ಯವೇ?

ಲೆಕ್ಕ ಹಾಕಿದ್ದಾರೆ. ಹಣವನ್ನೂ ಕೊಟ್ಟಿದ್ದಾರೆ. ಆದರೆ ಕೊಟ್ಟದ್ದು ಗುಲಾಮರಿಗಲ್ಲ, ಅವರ ಮಾಲೀಕರಿಗೆ. ಈ ಒಂದು ಸಂಗತಿ ಗೊತ್ತಾದ ಮೇಲೆ ನಾನು ಈ ಚರ್ಚೆಯನ್ನು ನೋಡುವ ರೀತಿಯೇ ಬದಲಾಯಿತು. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಬ್ರಿಟಿಷ್ ಪಾರ್ಲಿಮೆಂಟು 1833ರಲ್ಲಿ ಗುಲಾಮಗಿರಿ ರದ್ದು ಮಾಡುವ ಕಾಯ್ದೆ ಮಾಡಿತು. 1834ರ ಆಗಸ್ಟ್ 1ಕ್ಕೆ ಅದು ಜಾರಿಗೆ ಬಂತು. ಸುಮಾರು 8 ಲಕ್ಷ ಜನರಿಗೆ ಬಿಡುಗಡೆ ಎಂದಾಯಿತು. ಅದೇ ಕಾಯ್ದೆಯಲ್ಲಿ, 'ಆಸ್ತಿ' ಕಳೆದುಕೊಂಡ ಮಾಲೀಕರಿಗೆ 2 ಕೋಟಿ ಪೌಂಡ್ ಪರಿಹಾರ ಎಂದು ಬರೆದರು. ಅದು ಆಗಿನ ಸರ್ಕಾರದ ಒಂದು ವರ್ಷದ ಖರ್ಚಿನ ಸುಮಾರು 40%.

ನಮ್ಮ ಭೂಸ್ವಾಧೀನದ ಕಚೇರಿಯಲ್ಲಿ ತೆಂಗಿನ ಮರಕ್ಕಿಷ್ಟು, ಬಾವಿಗಿಷ್ಟು ಅಂತ ರೇಟು ಹಾಕುತ್ತಾರಲ್ಲ, ಹಾಗೇ ಮನುಷ್ಯರಿಗೆ ಹಾಕಿದರು. ಕಸುಬು ಗೊತ್ತಿದ್ದವರಿಗೆ ಒಂದು ರೇಟು. ಹೊಲದಲ್ಲಿ ದುಡಿಯುವವರಿಗೆ ಒಂದು. ಆರು ವರ್ಷದೊಳಗಿನ ಮಕ್ಕಳಿಗೆ ಇನ್ನೊಂದು. ಮುದುಕರು, ಕಾಯಿಲೆಯವರು ಅಗ್ಗ. ಗಯಾನಾದಲ್ಲಿ ರೇಟು ಜಾಸ್ತಿ, ಜಮೈಕಾದಲ್ಲಿ ಕಡಿಮೆ. 40 ಸಾವಿರಕ್ಕೂ ಹೆಚ್ಚು ಅರ್ಜಿಗಳು ಬಂದವು. ದೊಡ್ಡ ತೋಟದ ಧಣಿಗಳಷ್ಟೇ ಅಲ್ಲ, ಇಂಗ್ಲೆಂಡಿನಲ್ಲೇ ಕೂತಿದ್ದ ಪಾದ್ರಿಗಳೂ ವಿಧವೆಯರೂ ಹಣ ತಗೊಂಡರು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಇತಿಹಾಸಕಾರರು ಆ ಹೆಸರುಗಳನ್ನೆಲ್ಲ ಆನ್‌ಲೈನಿನಲ್ಲಿ ಹಾಕಿದ್ದಾರೆ. ಯಾರು ಬೇಕಾದರೂ ಹುಡುಕಬಹುದು.

ಬಿಡುಗಡೆಯಾದವರಿಗೆ ಒಂದು ಪೆನ್ನಿಯೂ ಸಿಗಲಿಲ್ಲ. ಮೇಲಾಗಿ, ಹಳೇ ಧಣಿಯ ಹತ್ತಿರವೇ ಇನ್ನೂ ಕೆಲವು ವರ್ಷ 'ಅಪ್ರೆಂಟಿಸ್' ಹೆಸರಿನಲ್ಲಿ ವಾರಕ್ಕೆ 40 ಗಂಟೆಗೂ ಜಾಸ್ತಿ ಪುಕ್ಕಟೆ ದುಡಿಯಬೇಕು ಎಂದು ಕಾಯ್ದೆ ಹೇಳಿತು. ಅದು 1838ರಲ್ಲಿ ನಿಂತಿತು.

ಮಾಲೀಕರಿಗೆ ಕೊಡಲು ಸರ್ಕಾರ ಸಾಲ ಎತ್ತಿತ್ತು. ಆ ಸಾಲ ಬೇರೆ ಸಾಲಪತ್ರಗಳ ಜೊತೆ ಸೇರಿಕೊಂಡು ಉರುಳುತ್ತಾ ಬಂದು ಪೂರ್ತಿ ತೀರಿದ್ದು 2015ರಲ್ಲಿ. ಹೌದು, 2015. ಅಂದರೆ ಗುಲಾಮರ ಮೊಮ್ಮಕ್ಕಳ ಮೊಮ್ಮಕ್ಕಳು ಬ್ರಿಟನ್ನಿಗೆ ಬಂದು, ಬಸ್ ಓಡಿಸಿ, ನರ್ಸ್ ಕೆಲಸ ಮಾಡಿ ಕಟ್ಟಿದ ತೆರಿಗೆಯಿಂದಲೂ ಆ ಹಣ ಹೋಗಿದೆ. 2015ಕ್ಕೆ ಮುಂಚೆ ಲಂಡನ್ನಿನಲ್ಲಿ ದುಡಿದು ತೆರಿಗೆ ಕಟ್ಟಿದ ಕನ್ನಡಿಗರ ಪಾಲೂ ಅದರಲ್ಲಿದೆ. "ತುಂಬಾ ಹಳೇ ವಿಷಯ" ಎನ್ನುವ ಮಾತು ಬಂದಾಗಲೆಲ್ಲ ನನಗೆ ಈ ಇಸವಿ ನೆನಪಾಗುತ್ತದೆ.

ಹೈಟಿಯ ಕಥೆ ಏನು?

ಇದು ಇನ್ನೂ ಸಂಕಟದ್ದು. ಕೆರಿಬಿಯನ್‌ನಲ್ಲಿ ಫ್ರಾನ್ಸಿನ ವಸಾಹತಾಗಿದ್ದ ಹೈಟಿಯ ಗುಲಾಮರು ತಾವೇ ಬಂಡೆದ್ದು, ನೆಪೋಲಿಯನ್ನನ ಸೈನ್ಯವನ್ನು ಸೋಲಿಸಿ, 1804ರ ಜನವರಿ 1ರಂದು ಸ್ವತಂತ್ರರಾದರು. 21 ವರ್ಷದ ಮೇಲೆ ಫ್ರಾನ್ಸಿನ ರಾಜ 10ನೇ ಚಾರ್ಲ್ಸ್ ಯುದ್ಧನೌಕೆಗಳನ್ನು ಕಳಿಸಿದ. ನಿಮ್ಮ ಸ್ವಾತಂತ್ರ್ಯವನ್ನು ಒಪ್ಪಬೇಕಾದರೆ 15 ಕೋಟಿ ಫ್ರಾಂಕ್ ಕೊಡಿ ಎಂದು ಕೇಳಿದ. ಯಾಕೆ? ತೋಟ ಮತ್ತು ಗುಲಾಮರನ್ನು ಕಳೆದುಕೊಂಡ ಫ್ರೆಂಚರಿಗೆ ಪರಿಹಾರ ಕೊಡಲು. ಅಂದರೆ ತಮ್ಮ ಮೈಯ ಬೆಲೆಯನ್ನು ತಾವೇ ಕಟ್ಟಬೇಕು.

ಮೊದಲ ಕಂತಿಗೇ ಹೈಟಿ ಫ್ರೆಂಚ್ ಬ್ಯಾಂಕುಗಳಿಂದ ಸಾಲ ತೆಗೆಯಬೇಕಾಯಿತು. 1838ರಲ್ಲಿ ಮೊತ್ತವನ್ನು 9 ಕೋಟಿಗೆ ಇಳಿಸಿದರು. ಅಸಲು, ಬಡ್ಡಿ, ಸಾಲ ತೀರಿಸಲು ಮತ್ತೆ ಸಾಲ, ಹೀಗೆ ಅದರ ಬಾಲ 1947ರವರೆಗೆ ಎಳೆಯಿತು. ಶಾಲೆ, ರಸ್ತೆ, ಆಸ್ಪತ್ರೆ ಆಗಬೇಕಿದ್ದ ಕಾಫಿ ತೆರಿಗೆಯ ದುಡ್ಡು ಪ್ಯಾರಿಸ್ಸಿಗೆ ಹೋಯಿತು. ಹೈಟಿ ಯಾಕೆ ಇಷ್ಟು ಬಡ ದೇಶ ಎಂದು ಕೇಳುವವರು ಈ ರಸೀದಿಯನ್ನೂ ನೋಡಬೇಕು. ಬೇರೆ ಕಾರಣಗಳು ಇಲ್ಲ ಎಂದಲ್ಲ. ಆದರೆ ಓಟ ಶುರುವಾಗುವ ಮುಂಚೆಯೇ ಕಾಲಿಗೆ ಗುಂಡು ಕಟ್ಟಿದ್ದರು.

2003ರಲ್ಲಿ ಅಧ್ಯಕ್ಷ ಅರಿಸ್ಟೀಡ್ ಈ ಹಣ ವಾಪಸ್ ಕೊಡಿ ಎಂದು 2,100 ಕೋಟಿ ಡಾಲರಿಗೂ ಜಾಸ್ತಿ ಮೊತ್ತದ ಲೆಕ್ಕ ಮುಂದಿಟ್ಟರು. ಫ್ರಾನ್ಸ್ ಒಪ್ಪಲಿಲ್ಲ.

ಅಮೆರಿಕದಲ್ಲಿ '40 ಎಕರೆ' ಅಂತಾರಲ್ಲ, ಅದೇನು?

1865ರ ಜನವರಿ 12. ಅಂತರ್ಯುದ್ಧ ಮುಗಿಯುತ್ತಾ ಬಂದಿದೆ. ಜಾರ್ಜಿಯಾದ ಸವಾನಾ ಊರಿನ ಒಂದು ಮನೆಯಲ್ಲಿ ಜನರಲ್ ಶೆರ್ಮನ್ ಮತ್ತು ಯುದ್ಧ ಮಂತ್ರಿ ಸ್ಟಾಂಟನ್ 20 ಜನ ಕಪ್ಪು ಮುಖಂಡರನ್ನು ಕರೆಸಿ ಕೂರಿಸುತ್ತಾರೆ. ಅವರ ಪರವಾಗಿ ಮಾತಾಡಿದವರು 67 ವರ್ಷದ ಪಾದ್ರಿ ಗ್ಯಾರಿಸನ್ ಫ್ರೇಜಿಯರ್. ಎಂಟು ವರ್ಷ ಹಿಂದೆ 1,000 ಡಾಲರ್ ಕೊಟ್ಟು ತಮ್ಮನ್ನೂ ಹೆಂಡತಿಯನ್ನೂ ಬಿಡಿಸಿಕೊಂಡಿದ್ದವರು. ನಿಮಗೆ ಏನು ಬೇಕು ಎಂದು ಕೇಳಿದಾಗ ಅವರು ಭಿಕ್ಷೆ ಕೇಳಲಿಲ್ಲ. ಭೂಮಿ ಕೊಡಿ, ನಾವೇ ಉತ್ತು ಬಿತ್ತು ಬದುಕಿಕೊಳ್ಳುತ್ತೇವೆ ಎಂದರು. ನಮ್ಮ 'ಉಳುವವನೇ ಹೊಲದೊಡೆಯ' ನೆನಪಾಗುತ್ತದೆ, ಅಲ್ವಾ?

ನಾಲ್ಕೇ ದಿನಕ್ಕೆ ಶೆರ್ಮನ್ ಆದೇಶ ಹೊರಡಿಸಿದರು. ಕರಾವಳಿಯ ಸುಮಾರು 4 ಲಕ್ಷ ಎಕರೆಯನ್ನು ಕುಟುಂಬಕ್ಕೆ 40 ಎಕರೆ ಮೀರದಂತೆ ಹಂಚಬೇಕು ಎಂದು. ಸುಮಾರು 40 ಸಾವಿರ ಜನ ಹೋಗಿ ನೆಲೆ ನಿಂತರು, ಉತ್ತರು. ಏಪ್ರಿಲ್‌ನಲ್ಲಿ ಲಿಂಕನ್ ಕೊಲೆಯಾಯಿತು. ಹೊಸ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಅದೇ ವರ್ಷ ಆ ಭೂಮಿಯನ್ನು ಹಳೇ ಧಣಿಗಳಿಗೇ ವಾಪಸ್ ಕೊಡಿಸಿದರು.

ಮಾಲೀಕರಿಗೆ ಹಣ ಕೊಡುವುದು ಅಮೆರಿಕದಲ್ಲೂ ನಡೆದಿದೆ. 1862ರಲ್ಲಿ ವಾಷಿಂಗ್ಟನ್ ನಗರದಲ್ಲಿ ಒಬ್ಬ ಗುಲಾಮನಿಗೆ 300 ಡಾಲರ್‌ವರೆಗೆ ಮಾಲೀಕರಿಗೆ ಕೊಟ್ಟರು. ಬಿಡುಗಡೆಯಾದವರು ದೇಶ ಬಿಟ್ಟು ಹೋಗುವುದಾದರೆ ಅವರಿಗೆ 100 ಡಾಲರ್‌ವರೆಗೆ ಎಂದಿತ್ತು.

ಆಗಿನ ಗುಲಾಮರು ತಾವೇ ಪರಿಹಾರ ಕೇಳಿದ್ದರಾ? ಇದು ಈಗಿನವರು ಹುಟ್ಟುಹಾಕಿದ ಬೇಡಿಕೆಯಾ?

ಕೇಳಿದ್ದರು. 1783ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಬೆಲಿಂಡಾ ಎಂಬ ಮುದುಕಿ ಶಾಸನಸಭೆಗೆ ಅರ್ಜಿ ಹಾಕಿದರು. ಸಣ್ಣ ಹುಡುಗಿಯಾಗಿದ್ದಾಗ ಆಫ್ರಿಕಾದಲ್ಲಿ ಹಿಡಿದು ತಂದಿದ್ದರು. ಐಸಾಕ್ ರಾಯಲ್ ಎಂಬ ಶ್ರೀಮಂತನ ಮನೆಯಲ್ಲಿ 50 ವರ್ಷ ದುಡಿದಿದ್ದರು. ಆ ಮನೆಯ ಸಂಪತ್ತಿನಲ್ಲಿ ನನ್ನ ದುಡಿಮೆಯೂ ಇದೆ, ನನಗೂ ಕಾಯಿಲೆಯ ಮಗಳಿಗೂ ಜೀವನಕ್ಕೆ ಕೊಡಿಸಿ ಎಂಬುದು ಅವರ ಬೇಡಿಕೆ. ಓದು ಬರಹ ಬರದ ಆಕೆ ಅರ್ಜಿಗೆ ಗುರುತು ಹಾಕಿದ್ದರು. ವರ್ಷಕ್ಕೆ 15 ಪೌಂಡ್ 12 ಶಿಲ್ಲಿಂಗ್ ಮಂಜೂರಾಯಿತು. ಆಮೇಲೆ ಹಣ ನಿಂತುಹೋಯಿತು. ಪಿಂಚಣಿ ನಿಂತ ಅಜ್ಜಿ ತಾಲೂಕು ಕಚೇರಿಗೆ ಅಲೆದ ಹಾಗೆ ಆಕೆ ಮತ್ತೆ ಮತ್ತೆ ಅರ್ಜಿ ಹಾಕಬೇಕಾಯಿತು.

ಹೆನ್ರಿಯೆಟಾ ವುಡ್ ಅವರದು ಇನ್ನೊಂದು ಥರ. ಓಹಾಯೋದ ಸಿನ್ಸಿನಾಟಿಯಲ್ಲಿ ಕಾನೂನಿನ ಪ್ರಕಾರ ಬಿಡುಗಡೆ ಪಡೆದಿದ್ದರು. 1853ರಲ್ಲಿ ಮೋಸದಿಂದ ನದಿ ದಾಟಿಸಿ, ಗುಲಾಮಗಿರಿ ಇನ್ನೂ ಇದ್ದ ಆಚೆ ದಡಕ್ಕೆ ಒಯ್ದು ಮತ್ತೆ ಮಾರಿಬಿಟ್ಟರು. ಯುದ್ಧ ಮುಗಿದ ಮೇಲೆ ವಾಪಸ್ ಬಂದು, ತನ್ನನ್ನು ಮಾರಿದವನ ಮೇಲೆ 20,000 ಡಾಲರ್‌ಗೆ ದಾವೆ ಹೂಡಿದರು. 1878ರಲ್ಲಿ ಜ್ಯೂರಿ 2,500 ಡಾಲರ್ ಕೊಡಿಸಿತು. ಅವರ ಮಗ ಮುಂದೆ ಶಿಕಾಗೋದಲ್ಲಿ ಕಾನೂನು ಓದಿ ವಕೀಲನಾದ. ಕೇಳಿದ ಹಣದಲ್ಲಿ ಎಂಟರಲ್ಲಿ ಒಂದು ಪಾಲು ಸಿಕ್ಕ ಮನೆಯಲ್ಲೇ ಇಷ್ಟಾಯಿತು. ಏನೂ ಸಿಗದ 40 ಲಕ್ಷ ಜನರ ಮಕ್ಕಳನ್ನು ಒಮ್ಮೆ ಯೋಚಿಸಿ.

ಕ್ಯಾಲಿ ಹೌಸ್ ಎಂಬ ಬಟ್ಟೆ ಒಗೆಯುವ ಹೆಂಗಸು 1890ರ ದಶಕದಿಂದ ಮಾಜಿ ಗುಲಾಮರಿಗೆ ಪಿಂಚಣಿ ಕೇಳುವ ಸಂಘ ನಡೆಸಿದರು. ದೊಡ್ಡ ಸಂಖ್ಯೆಯಲ್ಲಿ ಜನ ಸೇರಿದರು. ಸರ್ಕಾರ 1917ರಲ್ಲಿ ಅಂಚೆ ವಂಚನೆಯ ಆರೋಪದ ಮೇಲೆ ಆಕೆಯನ್ನು ಜೈಲಿಗೆ ಹಾಕಿತು.

ತಾತ ಮುತ್ತಾತ ಮಾಡಿದ ತಪ್ಪಿಗೆ ಇವತ್ತಿನವರು ಯಾಕೆ ಕೊಡಬೇಕು?

ವಿರೋಧದ ಮಾತುಗಳಲ್ಲಿ ತೂಕದ್ದು ಇದೇ. ಪಾಪ ರಕ್ತದಲ್ಲಿ ಹರಿದು ಬರುವುದಿಲ್ಲ, ನಾನೂ ಒಪ್ಪುತ್ತೇನೆ. ಇವತ್ತಿನ ಒಬ್ಬ ಇಂಗ್ಲಿಷ್ ಹುಡುಗ ಅಪರಾಧಿಯಲ್ಲ.

ಆದರೆ ಅಪ್ಪನ ಜಮೀನು ನಮ್ಮ ಹೆಸರಿಗೆ ಬಂದಾಗ ಪಹಣಿಯಲ್ಲಿ ಬರೆದ ಬ್ಯಾಂಕಿನ ಋಣವೂ ಜೊತೆಗೇ ಬರುತ್ತದೆ. ಸಾಲ ತೆಗೆದದ್ದು ನಾನಲ್ಲ ಎಂದು ಜಮೀನು ಮಾತ್ರ ಇಟ್ಟುಕೊಳ್ಳುವ ಹಾಗಿಲ್ಲ. ಇಲ್ಲಿ ಕೇಳುತ್ತಿರುವುದು ವ್ಯಕ್ತಿಗಳನ್ನಲ್ಲ, ಸರ್ಕಾರಗಳನ್ನು, ಚರ್ಚುಗಳನ್ನು, ವಿಶ್ವವಿದ್ಯಾಲಯಗಳನ್ನು. ಇವು ಸಾಯುವುದಿಲ್ಲ. ಹಳೇ ಒಪ್ಪಂದ ನಡೆಸುತ್ತವೆ, ಹಳೇ ಆಸ್ತಿ ಅನುಭವಿಸುತ್ತವೆ. ಮಾಲೀಕರಿಗಾಗಿ ಮಾಡಿದ ಸಾಲವನ್ನು 180 ವರ್ಷ ತಪ್ಪದೆ ತೀರಿಸಿದ ಸರ್ಕಾರ, ಗುಲಾಮರ ವಿಷಯ ಬಂದಾಗ ಮಾತ್ರ ಅದು ಬೇರೆ ಕಾಲ ಅನ್ನುವುದು ನನಗೆ ಸರಿ ಕಾಣುವುದಿಲ್ಲ.

ಆಫ್ರಿಕಾದ ರಾಜರೇ ತಮ್ಮವರನ್ನು ಮಾರಿದರು ಅಂತಾರಲ್ಲ?

ನಿಜ, ಕೆಲವರು ಮಾರಿದರು. ಅದನ್ನು ಮುಚ್ಚಿಡಬಾರದು. ಬೆನಿನ್ ದೇಶದ ಅಧ್ಯಕ್ಷ ಕೆರೆಕು 1999ರಲ್ಲಿ ಅಮೆರಿಕದ ಬಾಲ್ಟಿಮೋರ್‌ನ ಚರ್ಚಿನಲ್ಲಿ ಕಪ್ಪು ಜನರ ಮುಂದೆ ಮಂಡಿಯೂರಿ ಕ್ಷಮೆ ಕೇಳಿದರು. ಮಾರಿದವನ ತಪ್ಪಿನಿಂದ ಕೊಂಡವನ ತಪ್ಪು ಅಳಿಸಿಹೋಗುವುದಿಲ್ಲ.

ಹಾಗಾದರೆ ಸರಿಯಾಗಿ ಕ್ಷಮೆ ಕೇಳಿದ ದೇಶ ಯಾವುದು?

ನೆದರ್ಲೆಂಡ್ಸ್ ಅನ್ನು ನೋಡಬಹುದು. ಪ್ರಧಾನಿ ಮಾರ್ಕ್ ರುಟೆ ಮೊದಲು ಇದಕ್ಕೆ ಒಪ್ಪಿರಲಿಲ್ಲ. 2022ರ ಡಿಸೆಂಬರ್ 19ರಂದು ಹೇಗ್ ನಗರದ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿ ನಿಂತು ಸರ್ಕಾರದ ಪರವಾಗಿ ಕ್ಷಮೆ ಕೇಳಿದರು. ಆಗ ನೆದರ್ಲೆಂಡ್ಸ್‌ನ ಹಳೇ ವಸಾಹತು ಸುರಿನಾಮ್ ಮೂಲದ ಕೆಲವು ಸಂಘಟನೆಗಳು ಕೋರ್ಟಿಗೇ ಹೋಗಿದ್ದವು. ಕ್ಷಮೆ ಬೇಡ ಎಂದಲ್ಲ. ನಮ್ಮನ್ನು ಸರಿಯಾಗಿ ಕೇಳದೆ, ಅವಸರದಲ್ಲಿ, ನಮಗೆ ಅರ್ಥವಿಲ್ಲದ ದಿನ ಯಾಕೆ ಎಂದು. ಅವರಿಗೆ ಬೇಕಿದ್ದ ದಿನ ಜುಲೈ 1. ಆ ಹಬ್ಬದ ಹೆಸರು 'ಕೆಟಿ ಕೋಟಿ', ಸರಪಳಿ ಕಡಿಯಿತು ಎಂದು ಅರ್ಥ. ಸುರಿನಾಮಿನಲ್ಲಿ 1863ರ ಜುಲೈ 1ರಂದು ಗುಲಾಮಗಿರಿ ಕಾಗದದ ಮೇಲೆ ರದ್ದಾಯಿತು. ಆದರೆ ಇನ್ನೂ ಹತ್ತು ವರ್ಷ ತೋಟದಲ್ಲೇ ದುಡಿಯಬೇಕಾಗಿತ್ತು. ಇಲ್ಲೂ ಮಾಲೀಕರಿಗೆ ತಲೆಗೆ 300 ಗಿಲ್ಡರ್ ಸಿಕ್ಕಿತ್ತು.

2023ರ ಜುಲೈ 1ರಂದು, ಆ ಹತ್ತು ವರ್ಷ ಮುಗಿದು ಸರಿಯಾಗಿ 150 ವರ್ಷಕ್ಕೆ, ಆಮ್‌ಸ್ಟರ್‌ಡ್ಯಾಮಿನ ಪಾರ್ಕಿನಲ್ಲಿ ರಾಜ ವಿಲ್ಲೆಮ್ ಅಲೆಕ್ಸಾಂಡರ್ ಮಾತಾಡಿದರು. ರಾಜನಾಗಿ, ಸರ್ಕಾರದ ಭಾಗವಾಗಿ ತಪ್ಪೊಪ್ಪಿಕೊಂಡರು. ತನ್ನ ಮನೆತನದವರು ಇದನ್ನು ತಡೆಯಲು ಏನೂ ಮಾಡಲಿಲ್ಲ ಎಂಬುದಕ್ಕೆ ಬೇರೆಯಾಗಿಯೇ ಕ್ಷಮೆ ಬೇಡಿದರು. ಜನ ಚಪ್ಪಾಳೆ ತಟ್ಟಿದರು. ಸರ್ಕಾರ 20 ಕೋಟಿ ಯೂರೋ ನಿಧಿಯನ್ನೂ ಘೋಷಿಸಿತ್ತು, ಆದರೆ ಅದು ಜಾಗೃತಿ, ಶಿಕ್ಷಣದಂಥ ಕೆಲಸಗಳಿಗೆ. ಗುಲಾಮರ ವಂಶಸ್ಥರಿಗೆ ಪರಿಹಾರ ಕೊಡಲು ಒಪ್ಪಲಿಲ್ಲ.

ಅಮೆರಿಕದ ಕೆಳಮನೆ 2008ರಲ್ಲಿ, ಸೆನೆಟ್ 2009ರಲ್ಲಿ ಬೇರೆ ಬೇರೆಯಾಗಿ ಕ್ಷಮೆಯ ನಿರ್ಣಯ ಮಾಡಿದವು. ಸೆನೆಟ್ ಅದರ ಕೊನೆಗೆ, ಇದನ್ನು ತೋರಿಸಿ ಯಾರೂ ಸರ್ಕಾರದ ಮೇಲೆ ಹಕ್ಕು ಸಾಧಿಸುವಂತಿಲ್ಲ ಎಂಬ ಷರತ್ತು ಸೇರಿಸಿತು. ಕೈ ಮುಗಿಯುತ್ತಲೇ ಬಾಗಿಲಿಗೆ ಚಿಲಕ ಹಾಕಿದ ಹಾಗಾಯಿತು.

ಪರಿಹಾರ ಅಂದರೆ ಎಲ್ಲರ ಅಕೌಂಟಿಗೆ ದುಡ್ಡು ಹಾಕುವುದಾ?

ಅದೊಂದು ದಾರಿ, ಅಷ್ಟೇ. ಎರಡನೇ ಮಹಾಯುದ್ಧದಲ್ಲಿ ಅಮೆರಿಕ ತನ್ನದೇ ಜಪಾನಿ ಮೂಲದ ಪ್ರಜೆಗಳನ್ನು ಶಿಬಿರಗಳಲ್ಲಿ ಕೂಡಿಹಾಕಿತ್ತು. 1988ರ ಕಾಯ್ದೆಯ ಪ್ರಕಾರ ಬದುಕಿದ್ದ ಪ್ರತಿಯೊಬ್ಬರಿಗೂ ಕ್ಷಮೆಯ ಜೊತೆ 20,000 ಡಾಲರ್ ಕೊಟ್ಟಿತು. 82 ಸಾವಿರ ಜನರಿಗೆ ಸಿಕ್ಕಿತು. ಆದರೆ ಗುಲಾಮಗಿರಿಯ ವಿಷಯದಲ್ಲಿ ಅನುಭವಿಸಿದವರು ಬದುಕಿಲ್ಲ. ಹಾಗಾಗಿ ಯಾರಿಗೆ, ಎಷ್ಟು ಎನ್ನುವುದು ನಿಜಕ್ಕೂ ಕಷ್ಟದ ಪ್ರಶ್ನೆ.

ಕೆರಿಬಿಯನ್ ದೇಶಗಳ ಒಕ್ಕೂಟ ಕ್ಯಾರಿಕೋಮ್ 2014ರಲ್ಲಿ ಹತ್ತು ಅಂಶಗಳ ಪಟ್ಟಿ ಕೊಟ್ಟಿತು. ಮೊದಲನೆಯದೇ ಪೂರ್ತಿ, ವಿಧಿವತ್ತಾದ ಕ್ಷಮೆ. ಆಮೇಲೆ ಆರೋಗ್ಯ, ಶಿಕ್ಷಣ, ತಂತ್ರಜ್ಞಾನ, ಸಾಲ ಮನ್ನಾ. ಅಮೆರಿಕದ ಇವಾನ್‌ಸ್ಟನ್ ಎಂಬ ಪಟ್ಟಣ ಗಾಂಜಾ ಮಾರಾಟದ ತೆರಿಗೆಯಿಂದ, ಹಿಂದೆ ವಸತಿಯಲ್ಲಿ ಭೇದಭಾವ ಅನುಭವಿಸಿದ ಕಪ್ಪು ಕುಟುಂಬಗಳಿಗೆ 25,000 ಡಾಲರ್ ಕೊಡುತ್ತಿದೆ. ಗ್ಲಾಸ್ಗೋ ವಿಶ್ವವಿದ್ಯಾಲಯ ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯದ ಜೊತೆ 2 ಕೋಟಿ ಪೌಂಡಿನ ಕೆಲಸಕ್ಕೆ ಸಹಿ ಹಾಕಿದೆ. 2023ರ ಒಂದು ವರದಿ ಬ್ರಿಟನ್ ಒಂದೇ 18.8 ಲಕ್ಷ ಕೋಟಿ ಪೌಂಡ್ ಕೊಡಬೇಕು ಎಂದು ಲೆಕ್ಕ ಹಾಕಿತು. ಇಂಥ ಅಂಕಿಯಿಂದ ಕೆಲಸಕ್ಕಿಂತ ಗಾಬರಿಯೇ ಜಾಸ್ತಿ ಆಗುತ್ತದೆ ಎಂದು ನನಗನಿಸುತ್ತದೆ. ಸಣ್ಣದಾಗಿಯಾದರೂ ಶುರುವಾಗಲಿ.

ಜನ ಏನಂತಾರೆ? ಈಗ ವಿಷಯ ಎಲ್ಲಿಗೆ ಬಂದಿದೆ?

ಅಮೆರಿಕದಲ್ಲಿ ಪ್ಯೂ ಎಂಬ ಸಂಶೋಧನಾ ಸಂಸ್ಥೆಯ 2021ರ ಸಮೀಕ್ಷೆಯಲ್ಲಿ ಕಪ್ಪು ಜನರಲ್ಲಿ 77% ಪರಿಹಾರ ಬೇಕು ಅಂದರು, ಬಿಳಿಯರಲ್ಲಿ 18%. ಬರೀ ಅಧ್ಯಯನ ಸಮಿತಿ ಮಾಡಿ ಎಂದು ಕೇಳುವ ಮಸೂದೆ 1989ರಿಂದ ಮತ್ತೆ ಮತ್ತೆ ಬಂದರೂ ಪಾಸಾಗಿಲ್ಲ. 2024ರಲ್ಲಿ ಸಮೋವಾದಲ್ಲಿ ಸೇರಿದ ಕಾಮನ್‌ವೆಲ್ತ್ ನಾಯಕರು ಈ ಬಗ್ಗೆ ಮಾತುಕತೆಗೆ ಕಾಲ ಬಂದಿದೆ ಎಂದು ಬರೆದರು, ಬ್ರಿಟನ್ ಪ್ರಧಾನಿ ಸ್ಟಾರ್ಮರ್ ಹಣದ ಮಾತು ಬೇಡ ಅಂದರು. ಹೈಟಿ ಹಣ ಕಟ್ಟಬೇಕು ಎಂದು 10ನೇ ಚಾರ್ಲ್ಸ್ ಹೊರಡಿಸಿದ ಆದೇಶಕ್ಕೆ 2025ರ ಏಪ್ರಿಲ್ 17ಕ್ಕೆ 200 ವರ್ಷ ತುಂಬಿತು. ಅಂದು ಫ್ರಾನ್ಸ್ ಅಧ್ಯಕ್ಷ ಮ್ಯಾಕ್ರನ್ ಎರಡೂ ದೇಶಗಳ ಇತಿಹಾಸಕಾರರ ಆಯೋಗ ಘೋಷಿಸಿದರು. ಹಣ ವಾಪಸ್ ಕೊಡುವ ಭರವಸೆ ಕೊಡಲಿಲ್ಲ.

ಇದಕ್ಕೂ ಭಾರತಕ್ಕೂ ಏನು ಸಂಬಂಧ?

ನೇರ ಸಂಬಂಧವೇ ಇದೆ. ಜಾನ್ ಗ್ಲಾಡ್‌ಸ್ಟನ್ ಎಂಬ ದೊಡ್ಡ ತೋಟದ ಮಾಲೀಕ 2,500ಕ್ಕೂ ಹೆಚ್ಚು ಗುಲಾಮರ ಲೆಕ್ಕ ತೋರಿಸಿ ಒಂದು ಲಕ್ಷ ಪೌಂಡಿಗೂ ಜಾಸ್ತಿ ಪರಿಹಾರ ಪಡೆದ. ಗುಲಾಮರು ಹೋದ ಮೇಲೆ ಕಬ್ಬು ಕಡಿಯುವವರು ಯಾರು? ಆತ ಕಲ್ಕತ್ತಾದ ಕಂಪನಿಗೆ ಪತ್ರ ಬರೆದು ಕೂಲಿಗಳನ್ನು ಕೇಳಿದ. 1838ರಲ್ಲಿ ಎರಡು ಹಡಗುಗಳಲ್ಲಿ ಭಾರತೀಯರು ಗಯಾನಾ ಮುಟ್ಟಿದರು. ಗಿರ್ಮಿಟ್ ಎಂದು ಕರೆಯುವ ಆ ಕರಾರು ಕೂಲಿಯಲ್ಲಿ ಮುಂದೆ ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಮಾರಿಷಸ್, ಗಯಾನಾ, ಟ್ರಿನಿಡಾಡ್, ಫಿಜಿ ಸೇರಿದರು. 2023ರ ಆಗಸ್ಟ್‌ನಲ್ಲಿ ಗ್ಲಾಡ್‌ಸ್ಟನ್ ವಂಶದವರು ಗಯಾನಾಕ್ಕೆ ಹೋಗಿ ಗುಲಾಮಗಿರಿಗೂ ಗಿರ್ಮಿಟ್‌ಗೂ ಸೇರಿಸಿ ಕ್ಷಮೆ ಕೇಳಿದರು.

ನಮ್ಮಲ್ಲೇ ಜೀತ ಇತ್ತಲ್ಲ, ಅದಕ್ಕೆ ಏನು ಹೇಳುತ್ತೀರಿ?

ಇತ್ತು. ಕರಾವಳಿಯಲ್ಲಿ ಆಳುಗಳನ್ನು ಮಾರುವ, ಅಡವಿಡುವ ಪದ್ಧತಿಯೇ ಇತ್ತು. 1833ರ ಬ್ರಿಟಿಷ್ ಕಾಯ್ದೆ ಈಸ್ಟ್ ಇಂಡಿಯಾ ಕಂಪನಿಯ ನೆಲವನ್ನು ಹೊರಗಿಟ್ಟಿತ್ತು. 1843ರ ಕಾಯ್ದೆ ಬಂದಾಗ ಕೋರ್ಟುಗಳು ಗುಲಾಮಗಿರಿಯನ್ನು ಮಾನ್ಯ ಮಾಡಬಾರದು ಎಂದಷ್ಟೇ ಆಯಿತು. ಬಿಡುಗಡೆಯಾದವರಿಗೆ ತುಂಡು ನೆಲವೂ ಸಿಗಲಿಲ್ಲ. ಸಾಲದ ಜೀತ ಮಾತ್ರ ಮುಂದುವರಿಯಿತು. 1976ರ ಜೀತ ನಿರ್ಮೂಲನಾ ಕಾಯ್ದೆ ಆ ಸಾಲವನ್ನೇ ರದ್ದು ಮಾಡಿತು, ಪುನರ್ವಸತಿಯ ಹಣವೂ ಬಂತು. ಅದು ದುಡಿದವರ ಕೈಗೆ ಹೋಗುವ ಪರಿಹಾರ, ದಾರಿ ಸರಿ ಇದೆ. ಗುರುತಿಸಿದ ಪ್ರತಿಯೊಬ್ಬರಿಗೂ ಅದು ಪೂರ್ತಿ ಮುಟ್ಟಬೇಕು. ಜಮೈಕಾಕ್ಕೆ ನ್ಯಾಯ ಕೇಳುವ ನಾವು ನಮ್ಮ ಹಳ್ಳಿಯ ಜೀತದಾಳಿನ ಅರ್ಜಿಯನ್ನು ಮರೆಯಬಾರದು.

ಕರ್ನಾಟಕದ ಸಿದ್ದಿಗಳು?

ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆಯ ಕಾಡಿನಂಚಿನಲ್ಲಿ ಇರುವ ಸಿದ್ದಿಗಳ ಹಿರಿಯರಲ್ಲಿ ಬಹಳ ಜನ ಪೋರ್ಚುಗೀಸರು ಆಫ್ರಿಕಾದಿಂದ ಗೋವಾಕ್ಕೆ ಗುಲಾಮರಾಗಿ ತಂದವರು. ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಮಕ್ಕಳು ಇವತ್ತು ಕೊಂಕಣಿ, ಕನ್ನಡ ಮಾತಾಡುತ್ತಾರೆ. ಅವರ ಹೆಂಗಸರು ಹಳೇ ಸೀರೆ, ಅಂಗಿಯ ತುಂಡುಗಳನ್ನು ಜೋಡಿಸಿ ಹೊಲಿಯುವ ಕೌದಿ ನೋಡಿ. ಅಂಚಿನಿಂದ ಶುರುವಾಗಿ ಸುತ್ತಿಕೊಂಡು ನಡುವಿಗೆ ಬರುವ ಆ ಹೊಲಿಗೆಯಲ್ಲಿ ಒಂದು ಚೂರೂ ದಂಡವಾಗುವುದಿಲ್ಲ. 2003ರಲ್ಲಿ ಅವರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಇವೆಲ್ಲ ಭಾರತ ಮಾಡಿದ್ದು.

ಪೋರ್ಚುಗಲ್ ಅಧ್ಯಕ್ಷ ಮಾರ್ಸೆಲೊ 2024ರ ಏಪ್ರಿಲ್‌ನಲ್ಲಿ ಗುಲಾಮಗಿರಿ ಮತ್ತು ವಸಾಹತು ಕಾಲದ ತಪ್ಪುಗಳ ಹೊಣೆ ನಮ್ಮದೇ, ಅದರ ಬೆಲೆ ನಾವೇ ತೆರಬೇಕು ಎಂದರು. ಅಲ್ಲಿನ ಸರ್ಕಾರ ಕೆಲವೇ ದಿನಗಳಲ್ಲಿ ಅಂಥ ಯಾವ ಯೋಜನೆಯೂ ಇಲ್ಲ ಎಂದಿತು. ಮುಂದೊಂದು ದಿನ ಲಿಸ್ಬನ್‌ನಲ್ಲಿ ಯಾರಾದರೂ ಆ ಲೆಕ್ಕ ಬರೆಯಲು ಕೂತರೆ, ಬ್ರೆಜಿಲ್, ಅಂಗೋಲಾ ಜೊತೆ ಯಲ್ಲಾಪುರದ ಹೆಸರನ್ನೂ ಬರೆದುಕೊಳ್ಳಬೇಕು.